ಅರ್ಧ ಅಂಕ

ಮಕ್ಕಳು ಹೊರಗಿನಿಂದ ಮನೆಗೆ ಬಂದೊಡನೆ ಹಿರಿಯರು ಕೇಳುವ ಪ್ರಶ್ನೆಗಳೆಲ್ಲ ಎರಡೇ ಕವಲಿನವು. ಪಾಸಾಯಿತೋ, ಫೇಲಾಯಿತೋ? ಗೆದ್ದೆಯೋ, ಸೋತೆಯೋ? ವ್ಯಾಜ್ಯಕ್ಕೆಂದು ನ್ಯಾಯಸ್ಥಾನಕ್ಕೆ ಹೋಗಿ ಬಂದವನನ್ನೂ, ವರನನ್ನು ನೋಡಲು ಹೋಗಿ ಬಂದವನನ್ನೂ ನಾವು ಕೇಳುವ ರೀತಿ ಇದೇ. ಎರಡರ ನಡುವೆ ಮೂರನೆಯದೊಂದು ಇರಬಹುದೆಂಬುದನ್ನು ನಮ್ಮ ಮನೆಮಾತು ಅಷ್ಟಾಗಿ ಒಪ್ಪುವುದಿಲ್ಲ. ಚದುರಂಗದಲ್ಲಾದರೋ ಈ ಮೂರನೆಯದಕ್ಕೆ ಹೆಸರೂ ಉಂಟು, ಬೆಲೆಯೂ ಉಂಟು. ಆಟ ಸಮವಾದರೆ ಇಬ್ಬರಿಗೂ ಅರ್ಧರ್ಧ ಅಂಕ. ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಎರಡು ಹೆಸರುಗಳ ಮುಂದೆಯೂ ಅದೇ ಅರ್ಧವನ್ನು ಬರೆದಿರುತ್ತಾರೆ. ಆದರೆ ಒಂದೇ ತಕ್ಕಡಿಯಲ್ಲಿ ತೂಗಿ ಕೊಟ್ಟ ಆ ಎರಡು ಅರ್ಧಗಳು ಇಬ್ಬರ ಮನೆಗೂ ಒಂದೇ ತೂಕವಾಗಿ ಹೋಗಿ ಸೇರುವುದಿಲ್ಲವೆಂಬುದನ್ನು ಕಳೆದ ಬೇಸಗೆಯಲ್ಲಿ ನನ್ನ ತಂಗಿಯ ಮಗಳ ದೆಸೆಯಿಂದ ಹತ್ತಿರದಲ್ಲಿ ನೋಡುವ ಸಂದರ್ಭ ನನಗೆ ಒದಗಿತು.

ತಂಗಿಯನ್ನು ಕೊಟ್ಟಿರುವುದು ಮಳವಳ್ಳಿಯ ಬಳಿಯ ಒಂದು ಹಳ್ಳಿಗೆ. ಭಾವಮೈದುನರಿಗೆ ಒಂದಿಷ್ಟು ಕಬ್ಬು, ಒಂದಿಷ್ಟು ಹಿಪ್ಪುನೇರಳೆ; ರೇಷ್ಮೆಯ ಹುಳುವನ್ನು ಮನೆಯಲ್ಲಿಯೇ ಸಾಕುತ್ತಾರೆ. ನಾನಿರುವುದು ಮದ್ದೂರಿನಲ್ಲಿ. ಮಳವಳ್ಳಿಗೆ ರೈಲಿಲ್ಲದ ಕಾರಣ ಆ ಕಡೆಯವರು ಎಲ್ಲಿಗೆ ಹೊರಟರೂ ಮದ್ದೂರಿಗೆ ಬಂದು ರೈಲು ಹತ್ತುವುದು ವಾಡಿಕೆ. ಆದುದರಿಂದ ನಮ್ಮ ಮನೆಯು ನೆಂಟರ ಪಾಲಿಗೆ ಅರ್ಧ ಮನೆ, ಅರ್ಧ ಸ್ಟೇಷನ್ನು. ಹುಡುಗಿ ಚಿಕ್ಕವಳಾಗಿದ್ದಾಗ ಹೀಗೆಯೇ ಬಂದುಹೋಗುತ್ತ, ನಮ್ಮ ತಾತನವರ ಕಾಲದ ಮರದ ಮಣೆಯನ್ನು ಅಟ್ಟದ ಮೇಲಿನಿಂದ ಇಳಿಸಿಕೊಂಡು ಚದುರಂಗವನ್ನು ಹಿಡಿದಳು. ಈಗ ಅವಳಿಗೆ 14 ವರ್ಷ. ನನ್ನನ್ನು ಸೋಲಿಸಲು ಆರಂಭಿಸಿ ಆಗಲೇ ಮೂರು ವರ್ಷಗಳಾದುವು.

ಮಂಡ್ಯದ ಒಂದು ಕಲ್ಯಾಣಮಂಟಪದಲ್ಲಿ ಬೇಸಗೆಯ ರಜದಲ್ಲಿ ಪಂದ್ಯಾವಳಿಯೊಂದು ನಡೆಯುವುದೆಂದು ತಿಳಿದಾಗ ಅವಳು ಹೋಗುತ್ತೇನೆಂದಳು. ಅವಳ ತಂದೆ ಒಪ್ಪಿದರು, ಆದರೆ, "ಇದೇ ಕೊನೇದು. ಬರೋ ವರ್ಷ ಹತ್ತನೇ ಕ್ಲಾಸು," ಎಂದು ಗೆರೆ ಎಳೆದೇ ಒಪ್ಪಿದರು. ಅವರ ಮಾತಿನಲ್ಲಿ ಕಾಠಿನ್ಯವೇನೂ ಇರಲಿಲ್ಲ. ಪ್ರವೇಶದ ಹಣವೆಂದರೆ ತೋಟದ ಮೂರು ಆಳಿನ ಒಂದು ದಿನದ ಕೂಲಿ. ಅದರ ಮೇಲೆ ಬಸ್ಸು, ರೈಲು, ಊಟ. ಹುಳು ನಾಲ್ಕನೆಯ ಜ್ವರದಿಂದ ಎದ್ದಿರುವಾಗ ಮನೆಯಲ್ಲಿ ಸೊಪ್ಪು ಹಾಕುವ ಎರಡು ಕೈ ಕಡಮೆಯಾದರೆ ಅದರ ಕಷ್ಟವು ಪೇಟೆಯವರಿಗೆ ತಿಳಿಯುವಂಥದಲ್ಲ. ಹೀಗಿರಲಾಗಿ ನಾನೂ ಎದುರು ಮಾತಾಡದೆ, ಹುಡುಗಿಯನ್ನು ಪಂದ್ಯ ಮುಗಿಯುವವರೆಗೆ ಮದ್ದೂರಿನಲ್ಲಿಯೇ ಇರಿಸಿಕೊಂಡು ದಿನವೂ ಕರೆದುಕೊಂಡು ಹೋಗಿ ಬರುವ ಹೊಣೆಯನ್ನು ಹೊತ್ತೆನು.

ಈ ಬಗೆಯ ಪಂದ್ಯಗಳಲ್ಲಿ ಪ್ರತಿಯೊಬ್ಬ ಆಟಗಾರನಿಗೂ ರೇಟಿಂಗು ಎಂಬ ಒಂದು ಸಂಖ್ಯೆ ಇರುತ್ತದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾಡ್ ಎಲೋ ಎಂಬವರು ಈ ಲೆಕ್ಕದ ಕ್ರಮವನ್ನು ಹೂಡಿದರು; 1960ರಲ್ಲಿ ಅಮೆರಿಕದವರೂ, 1970ರಲ್ಲಿ ಫಿಡೆ ಎಂಬ ಜಾಗತಿಕ ಸಂಸ್ಥೆಯವರೂ ಅದನ್ನು ಅಂಗೀಕರಿಸಿದರು. ಆ ಸಂಖ್ಯೆಯನ್ನು ಹುಟ್ಟಿದ ಜಾತಕದಂತೆ ತಿಳಿಯಬಾರದು. ಪ್ರತಿ ಆಟದಿಂದಲೂ ಏರುವ ಇಳಿಯುವ ಜಮಾಖರ್ಚು ಅದು. ಇಬ್ಬರ ನಡುವೆ 200ರ ಅಂತರವಿದ್ದರೆ, ಮೇಲಿನವನು 100 ಆಟಗಳಲ್ಲಿ 76 ಅಂಕಗಳನ್ನು ಗಳಿಸುವನೆಂದು ನಿರೀಕ್ಷೆ. ಅಂತರವು 400 ಆದರೆ 92. ನಮ್ಮ ಹುಡುಗಿಯ ಸಂಖ್ಯೆ 1523. ಮೊದಲನೆಯ ಸುತ್ತಿನಲ್ಲಿಯೇ ಅವಳಿಗೆ ಎದುರಾದವರ ಸಂಖ್ಯೆ 1920.

ಇದೇನು ಅನ್ಯಾಯ, ಮೊದಲನೆಯ ದಿನವೇ ಆನೆಯ ಮುಂದೆ ಆಡಿನ ಮರಿಯನ್ನು ನಿಲ್ಲಿಸಬಹುದೇ ಎಂದು ಹೊರಗೆ ಕುಳಿತಿದ್ದ ತಾಯಿಯೊಬ್ಬರು ಕೇಳಿದರು. ಅದು ಯಾರ ಅನ್ಯಾಯವೂ ಅಲ್ಲ. ನೂರಾರು ಮಂದಿ ಸೇರಿದಲ್ಲಿ ಎಲ್ಲರೂ ಎಲ್ಲರೊಡನೆ ಆಡುವುದಾಗದು. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮೊದಲು ಬಳಕೆಗೆ ಬಂದ ಒಂದು ಏರ್ಪಾಡನ್ನು ಈಗ ಎಲ್ಲೆಡೆಯೂ ಅನುಸರಿಸುತ್ತಾರೆ. ಹೆಸರುಗಳನ್ನೆಲ್ಲ ಸಂಖ್ಯೆಯ ಕ್ರಮದಲ್ಲಿ ಬರೆದು, ಪಟ್ಟಿಯನ್ನು ನಡುವೆ ಮಡಿಸಿ, ಮೇಲಿನರ್ಧದ ಮೊದಲಿಗನಿಗೆ ಕೆಳಗಿನರ್ಧದ ಮೊದಲಿಗನನ್ನು ಜೊತೆಮಾಡುವುದು ಮೊದಲನೆಯ ಸುತ್ತಿನ ಪದ್ಧತಿ. ಅಲ್ಲಿಂದ ಮುಂದೆ ಸಮಾನ ಅಂಕದವರು ಸಮಾನ ಅಂಕದವರೊಡನೆ ಆಡುತ್ತಾರೆ. ಆದಕಾರಣ ಕೆಳಗಿನರ್ಧದವರಿಗೆ ಮೊದಲನೆಯ ಸುತ್ತು ಸಾಮಾನ್ಯವಾಗಿ ಒಂದು ಶಾಸ್ತ್ರವಷ್ಟೆ: ಸೋತು, ಮಧ್ಯಾಹ್ನದ ಊಟಮಾಡಿ, ತಮ್ಮ ಸಾಟಿಯವರನ್ನು ಹುಡುಕಿಕೊಳ್ಳುವುದು.

ಎದುರಾಳಿ ಬೆಂಗಳೂರಿನಿಂದ ಬಂದಿದ್ದ, ಮೂವತ್ತರ ಆಸುಪಾಸಿನ ಗೃಹಸ್ಥರು, ಮಿತಭಾಷಿ. ಹುಡುಗಿಗೆ ಬಿಳಿಯ ಕಾಯಿ. ಪೋಷಕರನ್ನು ಒಳಗೆ ಬಿಡುವುದಿಲ್ಲ. ಮೊಬೈಲುಗಳನ್ನು ಬಾಗಿಲಲ್ಲಿಯೇ ತೆಗೆದಿರಿಸಿಕೊಳ್ಳುತ್ತಾರೆ. ಆಟಗಾರನೊಬ್ಬನಿಗೆ 90 ನಿಮಿಷ, ಮೇಲೆ ಪ್ರತಿಯೊಂದು ನಡೆಗೂ 30 ಸೆಕೆಂಡು. ನಾವು ಹೊಂಗೆಯ ಮರದಡಿಯಲ್ಲಿ ಕುಳಿತೆವು. ಚದುರಂಗದ ಪಂದ್ಯಕ್ಕೆ ಮಕ್ಕಳನ್ನು ಕರೆತಂದ ತಂದೆತಾಯಿಗಳ ಹರಟೆಯನ್ನು ಯಾರಾದರೂ ಬರೆದಿಡಬೇಕು. ಆಟದ ವಿಚಾರವೊಂದನ್ನು ಬಿಟ್ಟು ಲೋಕದ ವಿಚಾರವೆಲ್ಲ ಅಲ್ಲಿ ಬರುತ್ತದೆ. ಒಂದು ಗಂಟೆಯೊಳಗೆ ಮಕ್ಕಳು ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು. ಮುಖವನ್ನು ನೋಡಿಯೇ ತಾಯಂದಿರು ನೀರಿನ ಸೀಸೆಯನ್ನೋ ಮಿಠಾಯಿಯನ್ನೋ ಕೈಗೆತ್ತಿಕೊಳ್ಳುತ್ತಿದ್ದರು. ಎರಡು ಗಂಟೆಯಾಯಿತು, ಮೂರಾಯಿತು. ಮರದ ನೆರಳು ನಮ್ಮನ್ನು ಬಿಟ್ಟು ಕಾಂಪೌಂಡಿನ ಗೋಡೆಯನ್ನು ಮುಟ್ಟಿತು. ನಾಲ್ಕು ಗಂಟೆಯಾಗುವುದರೊಳಗೆ ನಮ್ಮವಳು ಬಂದಳು. ಮುಖದಲ್ಲಿ ಓದಿಕೊಳ್ಳುವಂಥದು ಏನೂ ಇರಲಿಲ್ಲ. "ಸಮ ಆಯ್ತು, ಮಾವ. ಹಸಿವು," ಎಂದಳು.

ಆ ದಿನ ರಾತ್ರಿ ಮದ್ದೂರಿನಲ್ಲಿ, ಅವಳು ನಡೆಗಳನ್ನು ಬರೆದುಕೊಂಡಿದ್ದ ಹಾಳೆಯ ಅಡಿಪ್ರತಿಯನ್ನು ಇಟ್ಟುಕೊಂಡು, ತಾತನವರ ಮಣೆಯ ಮೇಲೆ ಆಟವನ್ನು ಮೊದಲಿನಿಂದ ನಡೆಸಿ ನೋಡಿದೆವು. ಒಟ್ಟು 70 ನಡೆಗಳು. ಮೊದಲ ಅರ್ಧವನ್ನು ಕುರಿತು ಹೇಳತಕ್ಕದ್ದು ಹೆಚ್ಚಿಲ್ಲ; ಅವರು ಸಾವಕಾಶವಾಗಿ ಹಿಸುಕುತ್ತ ಬಂದರು, ಇವಳು ಉಸಿರು ಹಿಡಿದುಕೊಂಡಿದ್ದಳು. 38ನೆಯ ನಡೆಯಲ್ಲಿ ಆನೆಗಳು ಬದಲಾದುವು. ಕಡೆಗೆ ಅವರಿಗೆ ರಾಜ, ಕರಿಮನೆಗಳಲ್ಲಿ ನಡೆಯುವ ಒಂಟೆ, ಪಕ್ಕಪಕ್ಕದ ಸಾಲಿನಲ್ಲಿ ಜೊತೆಯಾಗಿ ಇಳಿದು ಬರುತ್ತಿದ್ದ ಎರಡು ಕಾಲಾಳುಗಳು ಉಳಿದುವು. ಇವಳಿಗೆ ರಾಜ ಮತ್ತು ಒಂದು ಕುದುರೆ. ಆಡಬಲ್ಲ ಯಾರನ್ನಾದರೂ ಕೇಳಿ, ಇಂಥ ಸ್ಥಿತಿಯಲ್ಲಿ ಬಿಳಿಯ ಕಡೆಗೆ ಕುಳಿತುಕೊಳ್ಳಲು ಒಪ್ಪಲಾರರು.

61ನೆಯ ನಡೆಯಲ್ಲಿ ಅವಳು ಕುದುರೆಯನ್ನು ಹಾರಿಸಿ, ಆ ಎರಡು ಕಾಲಾಳುಗಳಲ್ಲಿ ಒಳಗಡೆಯ ಸಾಲಿನದನ್ನು ಹೊಡೆದಳು. ಅವರ ರಾಜ ಕುದುರೆಯನ್ನು ತೆಗೆದುಕೊಂಡ. ಈಗ ಇವಳ ಕಡೆ ಇದ್ದುದು ರಾಜನೊಬ್ಬನೇ. ಅವರಲ್ಲಿ ಒಂಟೆಯೂ ಉಂಟು, ಮಂತ್ರಿಯಾಗಲು ಹೊರಟ ಅಂಚಿನ ಸಾಲಿನ ಕಾಲಾಳೂ ಉಂಟು. ನಾನು ಮಣೆಯಿಂದ ತಲೆಯೆತ್ತಿ ಅವಳನ್ನು ನೋಡಿದೆನು. ಅವಳು ರಾಜನನ್ನು ಮೂಲೆಯ ಕಡೆಗೆ ಒಂದು ಮನೆ ಸರಿಸಿ, "ಈ ಮೂಲೆ ಬಿಳಿ, ಮಾವ, ಆ ಒಂಟೆ ಕರಿ. 52ನೇ ನಡೆಯಿಂದ ಇದನ್ನೇ ನೋಡ್ಕೊಂಡಿದ್ದೆ," ಎಂದಳು.

ಆಟವನ್ನು ಅರಿಯದ ವಾಚಕರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಲಾಳು ಎದುರಿನ ಕೊನೆಯ ಮನೆಯನ್ನು ಮುಟ್ಟಿದರೆ ಮಂತ್ರಿಯಾಗುತ್ತದೆಯಷ್ಟೆ. ಆ ಮುಟ್ಟಬೇಕಾದ ಮನೆ ಇಲ್ಲಿ ಮಣೆಯ ಮೂಲೆ. ಅದರ ಬಣ್ಣ ಬಿಳಿ. ಕರಿಮನೆಯ ಒಂಟೆ ಸಾವಿರ ನಡೆಗಳನ್ನು ನಡೆದರೂ ಬಿಳಿಯ ಮನೆಗೆ ಕಾಲಿಡಲಾರದು. ಆದ್ದರಿಂದ ಆ ಮೂಲೆಯಲ್ಲಿ ಕುಳಿತ ರಾಜನಿಗೆ ಅದು ಷಹ ಕೊಡಲಾರದು, ಅವನನ್ನು ಅಲ್ಲಿಂದ ಎಬ್ಬಿಸಲಾರದು. ಎಬ್ಬಿಸದೆ ಕಾಲಾಳಿಗೆ ದಾರಿಯಿಲ್ಲ. ಸುತ್ತಲಿನ ಮನೆಗಳನ್ನೆಲ್ಲ ಕಟ್ಟಿ ನಿಲ್ಲಿಸಿದರೋ, ಷಹವೂ ಇಲ್ಲದೆ ಆಡಲು ಮನೆಯೂ ಇಲ್ಲದಂತಾಗಿ, ಈಗಿನ ಕಟ್ಟಳೆಯ ಪ್ರಕಾರ ಆಟ ಅಲ್ಲಿಗೇ ಸಮವಾಗಿ ಮುಗಿಯುತ್ತದೆ. ಎರಡು ಕಾಲಾಳುಗಳಲ್ಲಿ ಯಾವುದನ್ನು ಹೊಡೆಯಬೇಕೆಂಬುದರಲ್ಲಿಯೇ ಸಮಸ್ತವೂ ಅಡಗಿತ್ತು. ಕುದುರೆಯನ್ನು ಕೊಟ್ಟು ಅಂಚಿನದನ್ನು ಹೊಡೆದು ಒಳಗಿನದನ್ನು ಉಳಿಸಿದ್ದರೆ ಅವಳು ಸೋಲುತ್ತಿದ್ದಳು. ಅವರು ಇನ್ನೂ ಒಂಬತ್ತು ನಡೆಗಳವರೆಗೆ ಪ್ರಯತ್ನಿಸಿ, ಗಡಿಯಾರವನ್ನು ನಿಲ್ಲಿಸಿ, ಕೈ ಚಾಚಿದರಂತೆ.

ಇಲ್ಲಿ ನನಗೆ ತಾತನವರ ಜಗುಲಿ ನೆನಪಾಗದೆ ಇರಲಿಲ್ಲ. ಅವರ ಆಟದ ಕಟ್ಟಳೆಗಳು ಬೇರೆ. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಯಬೇಕು. ಷಹ ಬೀಳದ ರಾಜ ಒಮ್ಮೆ ಕುದುರೆಯಂತೆ ಹಾರಬಹುದು. ಕಾಲಾಳು ಯಾವ ಸಾಲಿನಲ್ಲಿ ಹೋಗಿ ಮುಟ್ಟಿತೋ ಆ ಸಾಲಿನ ಕಾಯಿಯೇ ಆಗಬೇಕು. ಕುದುರೆಯ ಸಾಲಿನಲ್ಲಿ ಹೋದವನಿಗೆ ಮಂತ್ರಿಪದವಿ ಇಲ್ಲ. ಎದುರಾಳಿಗೆ ಆಡಲು ಮನೆಯಿಲ್ಲದಂತೆ ಮಾಡುವುದನ್ನು ಅವರು ಒಪ್ಪುತ್ತಿರಲಿಲ್ಲ; ಹಾಗೆ ಮಾಡಿದವನು ನಡೆಯನ್ನು ಹಿಂದೆಗೆದುಕೊಂಡು ಬೇರೆ ಆಡಬೇಕು. ಎಲ್ಲಕ್ಕೂ ಮೇಲಾಗಿ, ಕಾಯಿಗಳೆಲ್ಲ ಹೋಗಿ ರಾಜನೊಬ್ಬನೇ ಉಳಿದನೆಂದರೆ ಆಟ ಅಲ್ಲಿಗೆ ಮುಗಿಯಿತು, ಅವನದು ಅರ್ಧ ಸೋಲು. ಇಂಥ ಕಟ್ಟಳೆಗಳು ನಮ್ಮ ದೇಶದ ಹಲವು ಭಾಗಗಳಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸದೊಡನೆ ರೂಢಿಯಲ್ಲಿದ್ದುವು. ತಾತನವರ ಲೆಕ್ಕದಲ್ಲಿ ನಮ್ಮ ಹುಡುಗಿಯ ಆಟ 61ನೆಯ ನಡೆಗೇ ಮುಗಿದುಹೋಗುತ್ತಿತ್ತು. ಎಲ್ಲವನ್ನೂ ಕಳೆದುಕೊಂಡವನು ಮತ್ತೂ ಆಡಬಹುದೆಂಬುದು ಹೊಸ ಕಟ್ಟಳೆ ಕೊಟ್ಟ ಅವಕಾಶ; ನನ್ನ ಮಟ್ಟಿಗೆ ಇದು ಹಳೆಯದಕ್ಕಿಂತ ಮೇಲೆಂದೇ ತೋರುತ್ತದೆ.

ಮೈಸೂರು ಸೀಮೆಯಲ್ಲಿ ಈ ಆಟಕ್ಕೆ ಮನ್ನಣೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಬಹಳ ಆಸಕ್ತರು. ಕುದುರೆಯು 64 ಮನೆಗಳಲ್ಲಿ ಪ್ರತಿಯೊಂದನ್ನೂ ಒಮ್ಮೆಯೇ ಮುಟ್ಟಿಬರುವ ಬಂಧಗಳನ್ನು ರಚಿಸಿ ಹೆಸರಾದವರು. ಅವರು ಕುದುರೆಯನ್ನು ನಡೆಸಿದುದು ವಿನೋದಕ್ಕಾಗಿ. ಎದುರಾಳಿಯಿಲ್ಲದ ಆ ಆಟದಲ್ಲಿ ಸೋಲಿನ ಭಯವೂ ಇಲ್ಲ. ಪಂದ್ಯದ ಚದುರಂಗದಲ್ಲಿ ಕರ್ಣಾಟಕಕ್ಕೆ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಬಿರುದು ಬಂದುದು 2017ರಲ್ಲಿ, ಅದೇ ಮೈಸೂರಿನ ಎಂ. ಎಸ್. ತೇಜಕುಮಾರರಿಂದ.

ಬಲಾಬಲಗಳ ಅಂತರವಿರುವಲ್ಲಿ ಆಟ ಸಮವಾಯಿತೆಂದರೆ ದೊಡ್ಡವರ ಲೋಕದಲ್ಲಿಯೂ ಅದು ಸುದ್ದಿಯೇ. 2004ರ ಮಾರ್ಚಿಯಲ್ಲಿ ಐಸ್ಲೆಂಡಿನ ರೇಕ್ಯಾವಿಕ್ ನಗರದಲ್ಲಿ ನಡೆದ ಶೀಘ್ರಗತಿಯ ಪಂದ್ಯದಲ್ಲಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಎಂಬ 13 ವರ್ಷದ ಹುಡುಗನು ಗ್ಯಾರಿ ಕಾಸ್ಪರೋವನೊಡನೆ ಆಟವನ್ನು ಸಮಮಾಡಿಕೊಂಡನು. ಕಾಸ್ಪರೋವನ ಸಂಖ್ಯೆ 2800ಕ್ಕೂ ಮೇಲೆ, ಹುಡುಗನದು 2500ಕ್ಕೂ ಕೆಳಗೆ. ಮರು ಆಟದಲ್ಲಿ ಕಾಸ್ಪರೋವನು ಗೆದ್ದು ಮುಂದಿನ ಸುತ್ತಿಗೆ ಹೋದನು, ಹುಡುಗನು ಪಂದ್ಯದಿಂದ ಹೊರಬಿದ್ದನು. ಆದರೆ ಇಂದು ಜನರು ಹೇಳಿಕೊಳ್ಳುವುದು ಆ ಸಮವಾದ ಆಟವನ್ನೇ. ಆ ಹುಡುಗನು 2013ರಲ್ಲಿ ಜಗಜ್ಜೇತನಾದನೆಂಬುದು ಇದಕ್ಕೆ ಕಾರಣವಿರಬಹುದು.

ಸಮ ಎಂದೊಡನೆ ಇಬ್ಬರೂ ಕೈಕಟ್ಟಿ ಕುಳಿತರೆಂದು ಭಾವಿಸುವವರೂ ಉಂಟು. ಬಲ್ಲವರಿಬ್ಬರು ದಣಿದು ಹತ್ತು ಹದಿನೈದು ನಡೆಗಳಲ್ಲಿ ಕೈಕುಲುಕಿ ಏಳುವುದುಂಟೆಂಬುದೂ ನಿಜವೇ; ಅದನ್ನು ಕಂಡು ಬೇಸರಪಡುವವರಲ್ಲಿ ನಾನೂ ಒಬ್ಬ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಜಗಜ್ಜೇತ ಪದವಿಯ 14ನೆಯ ಆಟ ಸಮವಾಗಿಯೇ ಮುಗಿಯುವುದೆಂದು ನೋಡುವವರೆಲ್ಲ ಎಣಿಸಿದ್ದರು. ಚೀನದ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆಯನ್ನು ಇಡಬಾರದ ಮನೆಯಲ್ಲಿ ಇಟ್ಟರು. ನಮ್ಮ ಗುಕೇಶರು 18ನೆಯ ವಯಸ್ಸಿಗೆ ಪದವಿಯನ್ನು ಪಡೆದರು. ಸಮವೆಂಬುದು ಕೊನೆಯ ನಡೆಯ ತನಕವೂ ಕಾಪಾಡಿಕೊಳ್ಳಬೇಕಾದ ವಸ್ತು. ತಲೆಯ ಮೇಲೆ ತುಂಬಿದ ಕೊಡವನ್ನು ಹೊತ್ತು ಬರುವವಳಿಗೆ ಮನೆಯ ಹೊಸ್ತಿಲು ಕಂಡಿತೆಂದು ಕೈಬಿಡಲಾಗುವುದೇ?

ಎದುರಾಳಿಯಾಗಿದ್ದ ಗೃಹಸ್ಥರ ವಿಷಯವನ್ನು ಹೇಳದಿದ್ದರೆ ತಪ್ಪಾದೀತು. ಅವರಿಗೆ ಆ ಅರ್ಧ ಅಂಕ ನಷ್ಟವೇ. ಲೆಕ್ಕದ ಪ್ರಕಾರ ಅವರ ಸಂಖ್ಯೆಯಲ್ಲಿ 8.4 ಇಳಿಯಿತು, ಅದೇ ಅರ್ಧದಿಂದ ನಮ್ಮವಳ ಸಂಖ್ಯೆಯಲ್ಲಿ 16.8 ಏರಿತು, ಏಕೆಂದರೆ 18 ತುಂಬದವರಿಗೆ ಏರಿಳಿತದ ಪ್ರಮಾಣ ಇಮ್ಮಡಿ. ಅಷ್ಟಾಗಿಯೂ ಅವರು ಮಾರನೆಯ ದಿನ ಬೆಳಗ್ಗೆ ಹುಡುಗಿಯನ್ನು ಕಂಡು, ಮರದಡಿಯ ಕಲ್ಲುಬೆಂಚಿನ ಮೇಲೆ ಕಾಯಿಗಳನ್ನು ಜೋಡಿಸಿ, "ಆನೆಗಳನ್ನು ಬದಲು ಮಾಡಿಕೊಂಡದ್ದು ನನ್ನ ತಪ್ಪು. ಆದರೆ ನೀನು ಮೂಲೆಯನ್ನು ಅಷ್ಟು ಹಿಂದೆಯೇ ನೋಡಿದ್ದೆಯಾ, ಪುಟ್ಟಿ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು ತಮ್ಮ ಚೀಲದಿಂದ ಅಂತ್ಯದಾಟಗಳ ಒಂದು ಪುಸ್ತಕವನ್ನು ತೆಗೆದು ಅವಳ ಕೈಗೆ ಕೊಟ್ಟು, ಪಂದ್ಯ ಮುಗಿಯುವಾಗ ಹಿಂದಿರುಗಿಸುವಂತೆ ಹೇಳಿ ಹೋದರು. ಸೋತವರ ಸೌಜನ್ಯವನ್ನು ಕಂಡಿದ್ದೇನೆ. ಗೆಲ್ಲಬೇಕಾದುದನ್ನು ಗೆಲ್ಲದೆ ಹೋದವರ ಸೌಜನ್ಯ ಅದಕ್ಕಿಂತ ವಿರಳ.

ಮುಂದಿನ ಸುತ್ತುಗಳ ಸಂಗತಿ ಹೆಚ್ಚಿಲ್ಲ. ಎರಡನೆಯ ಆಟವನ್ನು ಅವಳು 23 ನಡೆಗಳಲ್ಲಿ ಸೋತಳು. ಆಮೇಲೆ ಕೆಲವನ್ನು ಗೆದ್ದಳು, ಕೆಲವನ್ನು ಸೋತಳು. ಬಹುಮಾನವೇನೂ ಬರಲಿಲ್ಲ. ಪುಸ್ತಕವನ್ನು ಹಿಂದಿರುಗಿಸಿ, ಮಂಡ್ಯದಿಂದ ರೈಲಿಗೆ ಬಂದು, ಮದ್ದೂರಿನ ಸ್ಟೇಷನ್ನಿನಲ್ಲಿ ಮನೆಯವರಿಗೆಂದು ವಡೆಯನ್ನು ಕಟ್ಟಿಸಿಕೊಂಡು, ಸಂಜೆಯ ಬಸ್ಸಿಗೆ ಇಬ್ಬರೂ ಮಳವಳ್ಳಿಯ ಕಡೆಗೆ ಹೊರಟೆವು.

ಮನೆಯಲ್ಲಿ ಹುಳು ಗೂಡಿಗೆ ಏರಿದ್ದುದರಿಂದ ಎಲ್ಲರಿಗೂ ಸ್ವಲ್ಪ ಬಿಡುವಾಗಿತ್ತು. ಅವಳ ಅಜ್ಜಿ ಕೇಳಿದ ಮೊದಲ ಮಾತು ನಾನು ಎಣಿಸಿದ್ದೇ: "ಗೆದ್ಯಾ ಮಗಾ, ಸೋತ್ಯಾ?" ಹುಡುಗಿ ಎಲ್ಲ ಸುತ್ತುಗಳನ್ನೂ ಬಿಟ್ಟು ಮೊದಲನೆಯದೊಂದನ್ನೇ ಹೇಳಿದಳು. ಅಷ್ಟರಲ್ಲಿ ಭಾವಮೈದುನರು ಕೈಕಾಲು ತೊಳೆದುಕೊಂಡು ಬಂದು ಕುಳಿತು, "ಭಾವ, ಸಮ ಅಂದ್ರೆ ಏನ್ ಲೆಕ್ಕ? ಇಬ್ರೂ ಸೋತಂಗೋ, ಇಬ್ರೂ ಗೆದ್ದಂಗೋ?" ಎಂದು ಕೇಳಿದರು.

ನಾನು ಲೆಕ್ಕವನ್ನೇ ಹೇಳಿದೆನು. ಆ ದೊಡ್ಡ ಆಟಗಾರರೊಡನೆ ಇವಳು 100 ಆಟಗಳನ್ನಾಡಿದರೆ ಇವಳಿಗೆ ಬರತಕ್ಕದ್ದು 8 ಅಂಕ. ಹಾಗೆಂದರೆ ಆರು ಆಟಗಳನ್ನಾಡಿದರೂ ಅರ್ಧ ತುಂಬುವುದಿಲ್ಲ. ಆ ಅರ್ಧವನ್ನು ಇವಳು ಒಂದೇ ಆಟದಲ್ಲಿ ತಂದಿದ್ದಾಳೆ. ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಲೆಕ್ಕಗಳನ್ನು ಕ್ಷಣದಲ್ಲಿ ಮಾಡುವ ಅವರು, ಬೆರಳಿನ ಗೆಣ್ಣುಗಳನ್ನು ಎಣಿಸಿ, "ಆರು ಬೆಳೆ ಒಂದೇ ಕಟಾವಿಗೆ," ಎಂದು ಸುಮ್ಮನಾದರು.

ಅಜ್ಜಿಗೆ ಈ ಲೆಕ್ಕ ಬೇಕಿರಲಿಲ್ಲ. ಅವರ ಮನಸ್ಸು ಮಣೆಯ ಮೇಲೆಯೇ ಇತ್ತು.

"ಕುದ್ರೇನೂ ಕೊಟ್ಬುಟ್ಯಾ?"

"ಹೂಂ ಅಜ್ಜಿ."

"ಆಮೇಲೆ ಅವ್ನೊಬ್ನೇ ಮೂಲೇಲಿ ನಿಂತ್ನಾ?"

"ನಿಂತ."

"ಎಬ್ಸಕ್ಕೆ ಆಗ್ನಿಲ್ವಾ ಅವ್ರಿಗೆ?"

"ಆಗ್ನಿಲ್ಲ."

ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ. ಆಕೆಗೆ ವೈಧವ್ಯ ಬಂದಾಗ ಭಾವಮೈದುನರಿನ್ನೂ ಎರಡು ವರ್ಷದ ಕೂಸು. ಜಮೀನನ್ನು ಬಿಟ್ಟು ತವರಿಗೆ ಹೋಗೆಂದು ದಾಯಾದಿಗಳು ಹೇಳಿದಾಗ ಆಕೆ ಈ ಮನೆಯ ಹಿಂಭಾಗದ ಒಂದು ಅಂಕಣದಲ್ಲಿ ಒಲೆ ಹೂಡಿಕೊಂಡು ಕುಳಿತವರು ಅಲ್ಲಿಂದ ಏಳಲಿಲ್ಲವೆಂಬುದನ್ನು ಆ ಊರಿನಲ್ಲಿ ಎಲ್ಲರೂ ಬಲ್ಲರು. "ಅಂಗಾರೆ ಅದು ಸೋತಂಗಲ್ಲ ಬುಡು," ಎಂದು ವಡೆಯ ಪೊಟ್ಟಣವನ್ನು ಬಿಚ್ಚಿದರು.

ಉಂಡಾದ ಮೇಲೆ ಹತ್ತನೆಯ ತರಗತಿಯ ಮಾತು ಬಂದಿತು. ಪರೀಕ್ಷೆ ಮುಗಿಯುವ ತನಕ ಪಂದ್ಯವೇ ಬೇಡವೆಂದು ತಂದೆ. ವರ್ಷಕ್ಕೆ ನಾಲ್ಕಾದರೂ ಬೇಕೆಂದು ಮಗಳು. ತಂದೆ ಮಾತನ್ನು ಬಿಟ್ಟುಕೊಡಲಿಲ್ಲ. ಮಗಳು ಅಳಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಅಜ್ಜಿ ಎಲೆ ಅಡಿಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಇಬ್ಬರನ್ನೂ ನೋಡುತ್ತಿದ್ದರು. ನಾನು ಬಾಯಿ ಹಾಕಲಿಲ್ಲ. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ತೀರ್ಮಾನವಾದುದು ಇಷ್ಟು: ದಸರೆಯ ರಜದಲ್ಲಿ ಒಂದು ಪಂದ್ಯಾವಳಿ, ಅದೂ ಮಂಡ್ಯ ಮೈಸೂರುಗಳ ಆಚೆಗಲ್ಲ, ಉಳಿದಂತೆ ತಿಂಗಳಿಗೆ ಎರಡು ಭಾನುವಾರ ಮದ್ದೂರಿಗೆ ಬಂದು ಆಡಬಹುದು, ಹುಳು ನಾಲ್ಕನೆಯ ಜ್ವರದಿಂದ ಎದ್ದಿರುವ ಭಾನುವಾರ ಅದೂ ಇಲ್ಲ.

ತಂದೆಯವರು ಆ ಆಟದ ಹಾಳೆಯನ್ನು ಬೇಡಿ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ, ಗೂಡು ಮಾರಿದ ಚೀಟಿಗಳ ಜೊತೆಗೆ ಸೇರಿಸಿಟ್ಟರು. ಈಗ ಭಾನುವಾರಗಳಲ್ಲಿ ಒಂಬತ್ತೂವರೆಯ ಬಸ್ಸಿಗೆ ಹುಡುಗಿ ಬರುತ್ತಾಳೆ. ಕಳೆದ ಸಲ ನಾನು ಆನೆಯನ್ನು ಬದಲು ಮಾಡಿಕೊಳ್ಳೋಣವೆಂದು ಮುಂದೆ ಇಟ್ಟೆನು. ಅವಳು ಬಹಳ ಹೊತ್ತು ಮಣೆಯ ನಾಲ್ಕು ಮೂಲೆಗಳನ್ನೂ ನೋಡಿ, ಬೇಡವೆಂದು ತನ್ನ ಆನೆಯನ್ನು ಹಿಂದಕ್ಕೆ ತೆಗೆದುಕೊಂಡಳು.